ಕರೆಂಟ್ ಬರುವುದರೊಳಗೆ ಹೇಳಬೇಕಾದ ಹೂಂ

ನಮ್ಮ ಮನೆಯಲ್ಲಿ ಮುಖ್ಯವಾದ ಮಾತು ನಡೆಯುವುದು ಕರೆಂಟ್ ಹೋದಾಗ ಮಾತ್ರ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮುಂದಿನ ಕೋಣೆ ಮಗ್ಗಕ್ಕೆ, ಹಿಂದಿನದು ಮನುಷ್ಯರಿಗೆ ಎಂದು ಪಾಯ ತೋಡುವಾಗಲೇ ತೀರ್ಮಾನವಾಗಿರುತ್ತದೆ. ನಾಲ್ಕು ಪವರ್‌ಲೂಮ್ ಒಟ್ಟಿಗೆ ಓಡುವಾಗ ಬಾಯಿಂದ ಹೊರಟ ಮಾತು ಮೂಗಿನ ತುದಿ ದಾಟುವುದಿಲ್ಲ. ಹಾಗಾಗಿ ನಾವು ಮುಖದಲ್ಲೇ ಮಾತಾಡುತ್ತೇವೆ. ಹುಬ್ಬು ಏರಿಸಿದರೆ ‘ಏನಂತೀಯ?’ ಎರಡು ಬೆರಳನ್ನು ಕತ್ತರಿಯಂತೆ ಆಡಿಸಿದರೆ ‘ನೂಲು ಹರಿದಿದೆ, ನೋಡು.’ ಅಂಗೈ ಮಗುಚಿದರೆ ‘ಇಲ್ಲ.’ ಕಣ್ಣು ಮುಚ್ಚಿ ಗದ್ದ ಇಳಿಸಿದರೆ ‘ಹೂಂ.’ ಅಕ್ಷರಕ್ಕಿಂತ ಮೊದಲು ನಾನು ಕಲಿತದ್ದು ಇದನ್ನು. ನನ್ನ ಅಣಕದ ಚಾಳಿ ಹುಟ್ಟಿದ್ದೂ ಅಲ್ಲೇ. ಮೊದಲು ಮುಖಗಳನ್ನು ಕದ್ದೆ, ದನಿಗಳನ್ನು ಕದಿಯುವುದಕ್ಕೆ ಶಾಲೆಗೆ ಸೇರಿಕೊಂಡೆ.

ಮದುವೆಯಾಗಲಿ ಜಗಳವಾಗಲಿ, ಕರೆಂಟ್ ಹೋಗುವವರೆಗೂ ಕಾಯಬೇಕು. ಮಗ್ಗ ನಿಂತ ಕೂಡಲೇ ಎಲ್ಲ ಮನೆಗಳಿಂದಲೂ ಒಂದಿಷ್ಟು ಹೊತ್ತು ಅರಚಾಟ ಕೇಳಿಸುತ್ತದೆ. ಸದ್ದು ನಿಂತ ಸುದ್ದಿ ನಾಲಿಗೆಗಳಿಗೆ ಇನ್ನೂ ತಲುಪಿರುವುದಿಲ್ಲ. ನಮ್ಮಕ್ಕನ ಮದುವೆ ನಿಶ್ಚಯವಾದದ್ದು ಟ್ರಾನ್ಸ್‌ಫಾರ್ಮರ್ ಸುಟ್ಟ ಒಂದು ಮಧ್ಯಾಹ್ನ. ಅದು ಬೇಗ ರಿಪೇರಿಯಾಗಿದ್ದರೆ ನಮಗೆ ಬೇರೆ ಭಾವ ಸಿಗುತ್ತಿದ್ದರೇನೋ ಎಂದು ಭಾವನ ಎದುರಿಗೇ ಹೇಳಿದ್ದೇನೆ. ಅವರು ನಕ್ಕರು, ಅಕ್ಕ ನಗಲಿಲ್ಲ.

ಬಿ.ಕಾಂ. ಮುಗಿಸಿ ಮನೆಯಲ್ಲಿದ್ದೆ. ಮನೆಯಲ್ಲಿದ್ದೆ ಎಂದರೆ ಮೊಬೈಲಿನಲ್ಲಿದ್ದೆ. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಅನೌನ್ಸ್ ಮಾಡುವ ದನಿ ನನ್ನದಾಗಬೇಕು ಎಂಬುದೊಂದು ಆಸೆಯಿತ್ತು. ಬಚ್ಚಲುಮನೆಯಲ್ಲಿ ನಿಂತು ಎಷ್ಟೋ ವಿಮಾನಗಳನ್ನು ತಡಮಾಡಿಸಿದ್ದೇನೆ. ಅಲ್ಲಿಂದ ಕರೆ ಬಂದದ್ದೇನೋ ನಿಜ, ಆದರೆ ಟ್ರಾಲಿ ಜೋಡಿಸುವ ಕೆಲಸಕ್ಕೆ. ಆ ಸಂಜೆ ಟ್ರಾಲಿ ತಳ್ಳುವವನೂ ಅವನಿಗೆ ಬಯ್ಯುವ ಸೂಪರ್‌ವೈಸರೂ ನಾನೇ ಆಗಿ ಮನೆಯವರನ್ನೆಲ್ಲ ನಗಿಸಿದೆ. ಮಾರನೆಯ ದಿನ ಹೋಗಲಿಲ್ಲ. ಆಮೇಲೆ ಪೇಟೆಯ ಸೀರೆ ಅಂಗಡಿಯೊಂದರಲ್ಲಿ ಕೆಲಸವಿದೆ ಎಂದರು. ತಮ್ಮ ಹೆಗಲ ಮೇಲೇ ಸೀರೆ ಹೊದ್ದು ‘ನೋಡಮ್ಮಾ, ನಿಮ್ಮ ಬಣ್ಣಕ್ಕೆ ಎದ್ದು ಕಾಣತ್ತೆ’ ಎನ್ನುವ ಅಲ್ಲಿನ ಯಜಮಾನರನ್ನು ಒಂದು ವಾರ ಆಡಿ ತೋರಿಸಿದೆ. ಅದಕ್ಕೂ ಹೋಗಲಿಲ್ಲ. ನಾನು ಯಾವ ಕೆಲಸವನ್ನೂ ಬೇಡ ಎಂದವನಲ್ಲ, ಆಡಿ ತೋರಿಸುತ್ತಿದ್ದೆ ಅಷ್ಟೇ. ಆಡಿ ತೋರಿಸಿದ ಮೇಲೆ ಅದು ಕೆಲಸವಾಗಿ ಉಳಿಯುತ್ತಿರಲಿಲ್ಲ.

ಮೂರನೆಯದು ಸೋಂಪುರದ ಕಾರ್ಖಾನೆಯದು. ಬಾಟಲಿಗಳ ಪ್ಲಾಸ್ಟಿಕ್ ಮುಚ್ಚಳ ತಯಾರಿಸುವ ಜಾಗ. ನನ್ನ ಗೆಳೆಯ ಅಲ್ಲೇ ಇದ್ದ, ಅವನೇ ನನ್ನ ನಂಬರ್ ಕೊಟ್ಟಿದ್ದ. ಸಾಲಾಗಿ ಹರಿದುಬರುವ ಮುಚ್ಚಳಗಳಲ್ಲಿ ಸೊಟ್ಟಗಿರುವುದನ್ನು ಹೆಕ್ಕಿ ತೆಗೆಯಬೇಕು. ಒಂದು ವರ್ಷದ ಕಾಂಟ್ರಾಕ್ಟ್, ವಾರಕ್ಕೊಮ್ಮೆ ಬದಲಾಗುವ ಶಿಫ್ಟ್. ಇಂಟರ್‌ವ್ಯೂ ಮುಗಿಸಿ ಬಂದವನು ಉತ್ತರ ಕೊಡದೆ ದಿನ ತಳ್ಳುತ್ತಿದ್ದೆ. ಕೆಲಸ ಕೆಟ್ಟದೆಂದಲ್ಲ. ಹೂಂ ಎಂದ ಮಾರನೆಯ ದಿನವೇ ಸರಿಯಾದ ಕೆಲಸ ಬಂದು ಬಾಗಿಲು ತಟ್ಟಿದಾಗ ನಾನು ಸೋಂಪುರದಲ್ಲಿ ಮುಚ್ಚಳ ನೋಡುತ್ತ ನಿಂತಿದ್ದರೆ? ಈ ಭಯ ಹೊರಗೆ ಹೇಳಿಕೊಳ್ಳುವಂಥದ್ದಲ್ಲ. ಆದ್ದರಿಂದ ಗೆಳೆಯನ ಮುಂದೆ ಇಂಟರ್‌ವ್ಯೂ ಮಾಡಿದ ಮೇಡಂ ಅವರನ್ನು ಆಡಿ ತೋರಿಸಿದೆ. ಅವರ ಪ್ರತಿ ವಾಕ್ಯವೂ ‘ಆಯ್ತಾ?’ ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು. ಅವನೂ ಕಲಿತುಕೊಂಡ. ಫೋನ್ ಮಾಡಿದಾಗಲೆಲ್ಲ ಅದೇ ದನಿ ತೆಗೆಯತೊಡಗಿದ.

ಒಂದು ಮಧ್ಯಾಹ್ನ ಹೊಸ ನಂಬರಿನಿಂದ ಫೋನ್ ಬಂತು. ಕೆಳಗೆ ಮಗ್ಗದ ಸದ್ದು, ಮಹಡಿಗೆ ಓಡಿದೆ.

“ನಮಸ್ಕಾರ, ಎಚ್‌ಆರ್‌ನಿಂದ ಮಾತಾಡ್ತಿದೀನಿ. ನಿಮ್ದೊಂದು ಉತ್ತರ ಬಾಕಿ ಇದೆ, ಆಯ್ತಾ?”

ಪರವಾಗಿಲ್ಲ, ಹುಡುಗ ಪಳಗಿದ್ದಾನೆ ಅಂದುಕೊಂಡೆ. ಅದೇ ದನಿಯಲ್ಲಿ ಶುರುಮಾಡಿದೆ. “ನಮಸ್ಕಾರ, ನಾವೂ ಎಚ್‌ಆರ್‌ನಿಂದ್ಲೇ ಮಾತಾಡ್ತಿರೋದು, ಆಯ್ತಾ? ನಿಮ್ ಮುಚ್ಚಳ ನೀವೇ ಹಾಕ್ಕೊಳ್ಳಿ, ಬಾಯಿಗೆ ಸರಿಯಾಗಿ ಕೂರತ್ತೆ, ಆಯ್ತಾ?”

ಆ ಕಡೆಯಿಂದ ಕೇಳಿಬಂದದ್ದು, “ನಾನು ಹಂಗಾ ಮಾತಾಡೋದು?”

ನನ್ನ ಕಾಲು ಮಹಡಿಯ ಮೇಲಿದೆಯೋ ಇಲ್ಲವೋ ಎಂದು ನೋಡಿಕೊಂಡೆ. “ಸಾರಿ ಮೇಡಂ. ಫ್ರೆಂಡ್ ಅಂದ್ಕೊಂಡ್ಬಿಟ್ಟೆ.”

“ಇರ್ಲಿ ಬಿಡಿ, ಚೆನ್ನಾಗೇ ಮಾಡ್ತೀರ. ಐದು ಗಂಟೆ ಒಳಗೆ ಬರ್ತೀನಿ ಅನ್ನಿ, ಇಲ್ಲ ಬರಲ್ಲ ಅನ್ನಿ. ಇಲ್ದಿದ್ರೆ ಬೇರೆಯವ್ರಿಗೆ ಕೊಟ್ಬಿಡ್ತೀವಿ.” ಸ್ವಲ್ಪ ತಡೆದು, ತಡೆಯಲಾರದೆ, “ಆಯ್ತಾ?” ಎಂದರು.

ಮೆಟ್ಟಿಲಿಳಿದು ಬರುವಾಗಲೇ ಕರೆಂಟ್ ಹೋಯಿತು.

ಅಮ್ಮ ಮೂಲೆಯ ಮಗ್ಗದಲ್ಲಿ ಹೊಸ ಹಾಸು ಕೆಚ್ಚುತ್ತಿದ್ದಳು. ಹಳೆಯ ಹಾಸು, ಅಂದರೆ ಮಗ್ಗಕ್ಕೆ ಏರಿಸಿದ ಉದ್ದೆಳೆಗಳು, ಮುಗಿಯುತ್ತ ಬಂದಾಗ ಅದನ್ನು ಪೂರ್ತಿ ಬಿಚ್ಚುವುದಿಲ್ಲ. ಕೊನೆಯಲ್ಲಿ ಉಳಿದ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಹೊಸೆದು ಕೂಡಿಸುತ್ತಾರೆ. ಅದಕ್ಕೆ ಕೆಚ್ಚುವುದು ಎನ್ನುತ್ತೇವೆ. ಬಾಗಿಲ ಬೆಳಕಿಗೆ ತಿರುಗಿ ಕೂತು ಅವಳು ಬೆರಳು ನಿಲ್ಲಿಸದೆ ಅರಚಿದಳು, “ಯಾರ್ಲಾ ಅದು ಫೋನಲ್ಲಿ?” ಸದ್ದು ನಿಂತಿದೆಯೆಂದು ಆಮೇಲೆ ನೆನಪಾಗಿ, ಮೆಲ್ಲಗೆ, “ಯಾರು?” ಎಂದಳು.

ನಡೆದದ್ದನ್ನು ಹೇಳಿದೆ. ನಾನು ಹೇಳುವುದೆಂದರೆ ಗೊತ್ತಲ್ಲ. ಮೊದಲು ನನ್ನ ಬಾಯಲ್ಲಿ ಮೇಡಂ ಬಂದರು. ಆಮೇಲೆ ನೆಲಮಂಗಲದ ಮಾವ ಹೊಟ್ಟೆ ಸವರಿಕೊಳ್ಳುತ್ತ ಬಂದ. “ಕಾಂಟ್ರಾಕ್ಟು ಅಂದ್ರೆ ಬಾಡಿಗೆ ಮನೆ ಇದ್ದಂಗೆ ಕಣಯ್ಯಾ, ಮೊಳೆ ಹೊಡಿಯೋಕೂ ಕೇಳ್ಬೇಕು!” ಅವನ ಹಿಂದೆಯೇ ಗೆಳೆಯ ಬಂದ. “ಬಾ ಗುರು, ಕ್ಯಾಂಟೀನ್ ಊಟ ಬೆಂಕಿ. ಕೆಲ್ಸ ಆಮೇಲ್ ನೋಡ್ಕೊಳಣ.” ಅಮ್ಮನಿಗೆ ನಗು ಬಂದು ಒಂದು ಎಳೆ ಕೈತಪ್ಪಿತು.

ಅಪ್ಪ ತಂಬಿಗೆಯ ನೀರು ಕುಡಿದು, ಟವಲಿನಿಂದ ಕತ್ತು ಒರೆಸಿಕೊಳ್ಳುತ್ತ ಕೇಳಿದ, “ಎಲ್ರುದೂ ಆಯ್ತು. ನಿಂದೇನಪ್ಪಾ?”

ಬಾಯಿ ತೆರೆದೆ. ಮಾವ ಬರಲು ನೋಡಿದ, ತಡೆದೆ. ಅವನ ಹಿಂದೆ ಗೆಳೆಯ ನಿಂತಿದ್ದ, ಅವನನ್ನೂ ತಡೆದೆ. ಇಬ್ಬರೂ ಹೋದ ಮೇಲೆ ಅಲ್ಲಿ ಯಾರೂ ಇರಲಿಲ್ಲ. ಊರವರೆಲ್ಲರ ದನಿ ಇಟ್ಟುಕೊಂಡವನ ಹತ್ತಿರ ಒಂದು ಹೂಂಗೆ, ಒಂದು ಊಹೂಂಗೆ ಸಾಲುವಷ್ಟೂ ಸ್ವಂತದ್ದು ಸಿಗಲಿಲ್ಲ. ಕೊನೆಗೆ ಹೊರಟದ್ದು ಇಷ್ಟೇ:

“ಭಯ ಆಗ್ತೈತಪ್ಪಾ. ತಪ್ಪಾಗಿ ಆರಿಸ್ಕೊಂಡ್ಬಿಟ್ರೆ?”

ಅಪ್ಪ ಏನಾದರೂ ದೊಡ್ಡ ಮಾತು ಹೇಳಿಬಿಡುತ್ತಾನೆಂದು ಕಾದೆ. “ಅದು ನಂಗೂ ಗೊತ್ತಿಲ್ಲ ಕಣಪ್ಪಾ,” ಎಂದ. “ಹೋದ್ರೆ ಹಿಂಗೆ, ಬಿಟ್ರೆ ಹಂಗೆ ಅನ್ನೋಕೆ ನಾನೇನು ಜೋಯಿಸನಾ?”

ಅಮ್ಮ ತಲೆಯೆತ್ತಲಿಲ್ಲ. “ಹೊಸ ಹಾಸಲ್ಲಿ ಮೊದಲ್ನೇ ಗೇಣು ಎಂದಾದ್ರೂ ನೆಟ್ಟಗೆ ಬಂದೈತೇನ್ಲಾ? ಬರೀ ಗಂಟು, ಸೊಟ್ಟ. ಅದಕ್ಕೇಂತ ಮಗ್ಗ ನಿಲ್ಲಿಸ್ತೀವಾ?”

ನಮ್ಮ ಮನೆಯಲ್ಲಿ ಹಲ್ಲುನೋವಿಗೂ ಮಗ್ಗದ್ದೇ ಉದಾಹರಣೆ. ರೇಗಿತು. “ನೀನು ಆ ಗೇಣು ಕತ್ತರಿಸಿ ಬಿಸಾಕ್ತೀಯ. ನಾನು ಒಂದು ವರ್ಷಾನ ಎಲ್ಲಿ ಕತ್ತರಿಸಿ ಬಿಸಾಕ್ಲಿ?”

“ಬಿಸಾಕ್ತೀವಿ ಅಂತ ನಿಂಗ್ಯಾರು ಹೇಳಿದ್ದು? ಇಷ್ಟು ವರ್ಷ ಸ್ಕೂಲ್‌ಗೆ ನಿನ್ ಡಬ್ಬಿ ಯಾವ ಬಟ್ಟೇಲಿ ಕಟ್ಕೊಟ್ಟೆ ಅಂದ್ಕೊಂಡಿದೀಯ?”

ನೆನಪಾಯಿತು. ಒಂದು ಕಡೆ ನೇರಳೆ, ಇನ್ನೊಂದು ಕಡೆ ಗಿಳಿಹಸಿರು, ನಡುವೆ ಎಡವಿದಂತೆ ಗಂಟುಗಳು. ಅದು ಬಟ್ಟೆಯ ವಿನ್ಯಾಸವೆಂದೇ ನಾನು ತಿಳಿದಿದ್ದೆ. ಕ್ಲಾಸಿನಲ್ಲಿ ಯಾರ ಡಬ್ಬಿಗೂ ಅಂಥ ಬಟ್ಟೆಯಿಲ್ಲ ಎಂದು ಜಂಬವನ್ನೂ ಕೊಚ್ಚಿಕೊಂಡಿದ್ದೆ.

ಅಷ್ಟರಲ್ಲಿ ಕರೆಂಟ್ ಬಂತು. ಮೂರು ಮಗ್ಗಗಳು ಒಟ್ಟಿಗೆ ಗುಡುಗಿದವು. ಅಪ್ಪ ಎದ್ದು ತನ್ನ ಜಾಗಕ್ಕೆ ಹೋದ. ಅಮ್ಮ ಮಾತ್ರ ಎಳೆ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ನನ್ನ ಕಡೆ ಹುಬ್ಬು ಏರಿಸಿದಳು. ‘ಏನಂತೀಯ?’

ಅಂಗೈ ಮಗುಚುವುದು ಸುಲಭವಿತ್ತು. ಕೈ ಅರ್ಧ ಎದ್ದೂ ಇತ್ತು. ಆದರೆ ಮಗುಚಿದ ಮೇಲೆ ಉಳಿಯುವುದೇನೆಂದು ನನಗೆ ಗೊತ್ತಿತ್ತು. ಮುಚ್ಚಳದ ಕಾರ್ಖಾನೆಯ ಒಂದು ಹೊಸ ಆಟ, ನಗಲು ಇದೇ ಅಪ್ಪ ಅಮ್ಮ. ಭಯ ಹೋಗಿರಲಿಲ್ಲ. ಅದು ಇದ್ದ ಹಾಗೇ ಇರುವಾಗ, ಕಣ್ಣು ಮುಚ್ಚಿ ಗದ್ದ ಇಳಿಸಿದೆ. ಕಣ್ಣು ತೆರೆಯುವಷ್ಟರಲ್ಲಿ ಅಮ್ಮ ಮುಂದಿನ ಎಳೆಗೆ ಹೋಗಿದ್ದಳು.

ಮಹಡಿಗೆ ಹೋಗಿ ಫೋನ್ ಮಾಡಿದೆ. “ಮೇಡಂ, ಬರ್ತೀನಿ.”

“ಇದು ನೀವೇನಾ, ಇಲ್ಲಾ ನಿಮ್ ಫ್ರೆಂಡಾ?”

“ನಾನೇ ಮೇಡಂ.”

ಕೆಲಸ ಹೇಗಿದೆ ಎಂದು ಕೇಳುವವರಿಗೆ ಇನ್ನೂ ನೆಟ್ಟಗೆ ಉತ್ತರ ಕೊಡಲು ಬಂದಿಲ್ಲ. ಕ್ಯಾಂಟೀನ್ ಊಟದ ಬಗ್ಗೆ ಗೆಳೆಯ ಹೇಳಿದ್ದು ಅರ್ಧ ನಿಜ, ಖಾರ ಮಾತ್ರ ಬೆಂಕಿ. ಮುಚ್ಚಳ ನೋಡಿ ನೋಡಿ ಈಗ ಎದುರಿಗೆ ಬಂದವರ ತಲೆಯೂ ನೆಟ್ಟಗಿದೆಯೋ ಇಲ್ಲವೋ ಎಂದು ಕಣ್ಣು ತಾನಾಗಿ ಅಳೆಯುತ್ತದೆ. ಕಾಂಟ್ರಾಕ್ಟ್ ಮುಂದುವರಿಯುವುದು ಯಾರಿಗೂ ಖಾತ್ರಿಯಿಲ್ಲ. ಒಳಗೆ ಯಂತ್ರಗಳ ಸದ್ದು ನಮ್ಮ ಮನೆಯದಕ್ಕಿಂತ ಜೋರು, ಎಲ್ಲರ ಕಿವಿಯಲ್ಲೂ ಹತ್ತಿಯಂಥ ಬಿರಡೆ. ಮೊದಲ ದಿನ ಉಳಿದವರೆಲ್ಲ ಅರಚಿ ಗಂಟಲು ಕೆಡಿಸಿಕೊಂಡರೆ, ನಾನು ಹುಬ್ಬು ಏರಿಸಿ, ಬೆರಳಾಡಿಸಿ ಸುಮ್ಮನೆ ನಿಂತಿದ್ದೆ. ಈಗ ನಮ್ಮ ಸಾಲಿನವರೆಲ್ಲ ಅಂಗೈ ಮಗುಚುತ್ತಾರೆ. ಇದು ನಾನು ಆರಿಸಿದ್ದು ಸರಿ ಎನ್ನುವುದಕ್ಕೆ ಸಾಕ್ಷಿಯಲ್ಲ. ಆದರೆ ಮಹಡಿಯ ಮೇಲೆ ನಿಂತು ಯೋಚಿಸಿದ್ದರೆ ಇದು ತಿಳಿಯುತ್ತಿರಲಿಲ್ಲ. ವಿಮಾನ ನಿಲ್ದಾಣದವರು ಕರೆದರೆ ಹೋಗುತ್ತೇನೋ ಏನೋ. ಹೋದರೂ, ಮೊದಲು ಒಳಗೆ ಹೊಕ್ಕು ನೋಡಿ, ಆಡಿ ತೋರಿಸುವುದನ್ನು ಆಮೇಲಿಟ್ಟುಕೊಳ್ಳುತ್ತೇನೆ.

ಅಮ್ಮ ಡಬ್ಬಿ ಕಟ್ಟುವುದನ್ನು ಬಿಟ್ಟಿಲ್ಲ. ಆ ದಿನ ಕೆಚ್ಚುತ್ತಿದ್ದ ಹಾಸಿನ ಮೊದಲ ಗೇಣೇ ಈಗಿನ ಬಟ್ಟೆ, ಕುಂಕುಮದ ಕೆಂಪು. ಮೊನ್ನೆ ಕ್ಯಾಂಟೀನಿನಲ್ಲಿ ಗೆಳೆಯ ಅದನ್ನು ಎಳೆದುಕೊಂಡ.

“ಏನ್ ಗುರು, ಡಬ್ಬಿಗೆ ಸೀರೆ ಉಡ್ಸಿದೀಯ! ಥೂ, ಬರೀ ಗಂಟೇ ಕಣೋ ಇದು.”

“ಮೊದಲ್ನೇ ಗೇಣು ಎಂದಾದ್ರೂ ನೆಟ್ಟಗೆ ಬಂದೈತೇನ್ಲಾ?” ಎಂದೆ, ತಲೆಯೆತ್ತದೆ, ಥೇಟ್ ಅಮ್ಮನ ದನಿಯಲ್ಲಿ.