ಅಕ್ಕನ ಕೊನೆಯ ಗಿಡುಗ

ಅಕ್ಕನ ಎಡಗೈ ಸದಾ ಮೊಣಕೈಯಲ್ಲಿ ಮಡಚಿಕೊಂಡು ಎದೆಯ ಮಟ್ಟಕ್ಕೇ ನಿಂತಿರುತ್ತಿತ್ತು. ಲಿಫ್ಟಿನಲ್ಲಿ ತರಕಾರಿ ಚೀಲಗಳೆಲ್ಲ ಬಲಗೈಯಲ್ಲಿ ಜೋಲುತ್ತಿದ್ದರೂ ಎಡಗೈ ಮಾತ್ರ ಕೆಳಗಿಳಿಯುತ್ತಿರಲಿಲ್ಲ. ಅದು ಹಕ್ಕಿ ಕೂರುವ ಕೈ.

ಒಡಹುಟ್ಟಿದವರಲ್ಲ, ನಾನು ಅಕ್ಕ ಎನ್ನುತ್ತಿದ್ದೆ ಅಷ್ಟೆ; ದುಬೈಯ ಡಿಸ್ಕವರಿ ಗಾರ್ಡನ್ಸ್‌ನಲ್ಲಿ ನಮ್ಮ ಎದುರು ಫ್ಲ್ಯಾಟಿನಲ್ಲಿ ಒಬ್ಬರೇ ಇದ್ದರು. ಊರು ಸುರತ್ಕಲ್. ಅಬುಧಾಬಿಯಲ್ಲಿ ಗಿಡುಗಗಳ ಆಸ್ಪತ್ರೆಯೊಂದರಲ್ಲಿ ವರ್ಷಗಟ್ಟಲೆ ದುಡಿದು, ಹಕ್ಕಿ ಪಳಗಿಸುವುದನ್ನೂ ಅಲ್ಲೇ ಕಲಿತು, ಆಮೇಲೆ ಇಲ್ಲಿನ ಕಂಪನಿಯೊಂದನ್ನು ಸೇರಿದ್ದರು. ಗೋದಾಮು, ಹೋಟೆಲುಗಳಿಗೆ ಮುತ್ತುವ ಪಾರಿವಾಳಗಳನ್ನು ಗಿಡುಗ ಹಾರಿಸಿ ಓಡಿಸುವುದು ಆ ಕಂಪನಿಯ ಕೆಲಸ.

ನನ್ನ ಮಗು ಹೊಟ್ಟೆಯಲ್ಲೇ ತೀರಿಹೋದ ವರ್ಷ ಅದು. ಗಂಡ ಕೆಲಸಕ್ಕೆ ಹೋದ ಮೇಲೆ ಪರದೆ ಎಳೆದು ಮಲಗಿದರೆ ಸಂಜೆಯವರೆಗೂ ಏಳುತ್ತಿರಲಿಲ್ಲ. ಒಂದು ಬೆಳಿಗ್ಗೆ ಅಕ್ಕ ಬೆಲ್ ಒತ್ತಿದರು. ಸಮಾಧಾನದ ಮಾತು ಒಂದೂ ಆಡಲಿಲ್ಲ.

"ಹೊಸ ಮರಿ ಬಂದುಂಟು. ಅದನ್ನು ಹಿಡ್ಕೊಂಡು ನಿಲ್ಲಿಕ್ಕೆ ಒಬ್ಬರು ಬೇಕು. ಚಪ್ಪಲಿ ಹಾಕು, ಬಾ," ಎಂದರು.

ಹೀಗೆ ನಾನು ಇನ್ವೆಸ್ಟ್‌ಮೆಂಟ್ಸ್ ಪಾರ್ಕ್ ಎಂಬ ಕೈಗಾರಿಕಾ ಪ್ರದೇಶದ ಗೋದಾಮುಗಳ ಹಿಂದಿನ ಬಯಲಿಗೆ ಹೋಗತೊಡಗಿದೆ. ಕಂದು ಬಣ್ಣದ ಮರಿ ಗಿಡುಗ ನನ್ನ ಕೈಗವಸಿನ ಮೇಲೆ ಕೂತು ಕಿರುಚುತ್ತಿತ್ತು. ಕಾಲಿಗೆ ಉದ್ದನೆಯ ದಾರ. ಆಚೆ ತುದಿಯಲ್ಲಿ ಅಕ್ಕ ಮಾಂಸದ ಚೂರು ಹಿಡಿದು ಸಿಳ್ಳೆ ಹಾಕಿದರೆ ಮರಿ ದಾರ ಎಳೆದುಕೊಂಡು ನೆಲಕ್ಕೆ ಹತ್ತಿರದಲ್ಲೇ ತೇಲಿ ಹೋಗಿ ಅವರ ಕೈಗಿಳಿಯುತ್ತಿತ್ತು. ದಿನಾ ಹಾರಿಸುವ ಮೊದಲು ಅದನ್ನು ತೂಗುತ್ತಿದ್ದರು. ತೂಕ ಸ್ವಲ್ಪ ಏರಿದರೆ ಮಾತು ಕೇಳದು, ಇಳಿದರೆ ರೆಕ್ಕೆಯಲ್ಲಿ ಬಲವಿರದು. ನಿಮ್ಮನ್ನು ಎಷ್ಟು ಹಚ್ಚಿಕೊಂಡಿದೆ ನೋಡಿ ಎಂದು ಒಮ್ಮೆ ಅಂದೆ.

"ಪ್ರೀತಿ ಗೀತಿ ಎಂತದೂ ಇಲ್ಲ ಮಾರಾಯ್ತಿ. ಅದಕ್ಕೆ ಹಸಿವೆ ಉಂಟು, ನನ್ನತ್ರ ಮಾಂಸ ಉಂಟು, ಅಷ್ಟೆ," ಎಂದರು. ಹಕ್ಕಿಗೆ ಹೆಸರನ್ನೂ ಇಟ್ಟಿರಲಿಲ್ಲ.

ಅವರ ಕೆಮ್ಮನ್ನು ಮೊದಮೊದಲು ಮರಳಿನ ಗಾಳಿಯದ್ದೆಂದುಕೊಂಡಿದ್ದೆ. ಇಷ್ಟು ವರ್ಷ ಒಳಗೆ ಹೋದ ಪುಕ್ಕದ ಧೂಳಿಗೆ ಶ್ವಾಸಕೋಶ ಗಟ್ಟಿಯಾಗುತ್ತಿದೆ, ಇನ್ನು ಹಕ್ಕಿಗಳ ಹತ್ತಿರ ಸುಳಿಯಬಾರದು ಎಂದು ಡಾಕ್ಟರು ಹೇಳಿದ್ದರಂತೆ. ಹೇಳಿ ತಿಂಗಳುಗಳೇ ಆಗಿದ್ದವು. ಕೆಲಸ ಬಿಟ್ಟರೆ ವೀಸಾ ಖಲಾಸ್. ಅದಕ್ಕಿಂತ ಹೆಚ್ಚಾಗಿ, ಮರಿಯನ್ನು ಅರ್ಧಕ್ಕೆ ಬಿಡುವುದು ಅವರಿಂದ ಆಗಲಿಲ್ಲ. ಈಗ ಬಿಟ್ಟರೆ ಬೇಟೆಯೂ ಬಾರದು, ಕರೆದರೆ ವಾಪಸ್ಸೂ ಬಾರದು ಎಂದು ಮಾಸ್ಕ್ ಕಟ್ಟಿಕೊಂಡೇ ಮುಂದುವರಿಸಿದರು. ನಾನು ಬೇಡವೆಂದದ್ದನ್ನು ಕೇಳಿಸಿಕೊಳ್ಳಲಿಲ್ಲ.

ದಾರ ಬಿಚ್ಚಿದ ದಿನ ಗಿಡುಗ ನೇರ ಹೋಗಿ ಗೋದಾಮಿನ ಮಾಡಿನ ಮೇಲೆ ಕೂತಿತು. ಅಕ್ಕ ಮಾಸ್ಕ್ ಸರಿಸಿ ಸಿಳ್ಳೆ ಹಾಕಲು ನೋಡಿದರು. ಬರೀ ಗಾಳಿ ಬಂತು. ಮತ್ತೆ ಪ್ರಯತ್ನಿಸಿ, ಕೆಮ್ಮು ಒತ್ತರಿಸಿ, ಮರಳಿನ ಮೇಲೆ ಕುಸಿದು ಕೂತರು. ಕೂತಲ್ಲೂ ಮಾಂಸ ಹಿಡಿದ ಕೈಯನ್ನು ಇಳಿಸಲಿಲ್ಲ. ನನಗೆ ಸಿಳ್ಳೆ ಹಾಕಲು ಬರುತ್ತಿರಲಿಲ್ಲ. ಬಾಯಿಗೆ ಬಂದಂತೆ ಕೂಗಿದೆ; ಅದು ಈ ಕಡೆ ತಿರುಗಿಯೂ ನೋಡಲಿಲ್ಲ. ಬಿಸಿಲೇರಿತು. ಕೊನೆಗೆ ರೆಕ್ಕೆ ಬಿಚ್ಚಿ ಗೋಡೆಯಾಚೆ ಬಿದ್ದಂತೆ ಇಳಿಯಿತು. ನಾನು ಓಡಿ ಹೋಗಿ ನೋಡಿದರೆ ಉಗುರಿನಡಿ ಒಂದು ಪಾರಿವಾಳ. ಅದರ ಮೊದಲ ಬೇಟೆ.

ಅಕ್ಕ ಗೋಡೆ ಹಿಡಿದುಕೊಂಡು ಬಂದರು. ಮಂಡಿಯೂರಿ, ಮಾಂಸ ತೋರಿಸಿ, ಮೆಲ್ಲನೆ ಹಕ್ಕಿಯನ್ನು ಕೈಗೆ ಹತ್ತಿಸಿಕೊಂಡರು.

ಅದಾಗಿ ಹೆಚ್ಚು ದಿನವಿಲ್ಲ, ಆಸ್ಪತ್ರೆ ಸೇರಿದರು. ಗಿಡುಗವನ್ನು ಕಂಪನಿ ಬೇರೊಬ್ಬನಿಗೆ ಕೊಟ್ಟಿತು. ಪೇಶಾವರದ ಒಳ್ಳೆಯ ಹುಡುಗ, ಆದರೂ ಹಕ್ಕಿ ಅವನ ಕೈತಪ್ಪಿತು. ಹುಡುಕಾಡಿದ ಮೇಲೆ ಜೆಬೆಲ್ ಅಲಿ ಕಡೆಯ ವಿದ್ಯುತ್ ತಂತಿಗಳ ಕೆಳಗೆ ಸತ್ತು ಬಿದ್ದದ್ದು ಸಿಕ್ಕಿತೆಂದು ಅವನೇ ಫೋನಿನಲ್ಲಿ ಹೇಳಿದ. ಅಕ್ಕನಿಗೆ ನಾನು ಹೇಳಬೇಕಾಯಿತು. ಆಮ್ಲಜನಕದ ಮಾಸ್ಕಿನೊಳಗಿಂದ ಅವರು ಕೇಳಿದ್ದು ಒಂದೇ.

"ಹೊಟ್ಟೆ ತುಂಬಿತ್ತಾ?"

"ತುಂಬಿತ್ತಂತೆ ಅಕ್ಕ. ತಾನೇ ಹಿಡಿದು ತಿಂದಿತ್ತಂತೆ."

ಅವರ ಮುಖ ಒಂದು ಕ್ಷಣ ಅರಳಿತು. ಆಮೇಲೆ, "ಹಾಗಾದ್ರೆ ಮತ್ತೆ ಯಾಕೆ ಬರ್ತದೆ," ಎಂದು ಗೋಡೆಯ ಕಡೆಗೆ ತಿರುಗಿದರು.

ವೀಸಾ ರದ್ದಾಗಿ, ಗಾಲಿಕುರ್ಚಿಯಲ್ಲಿ ಊರಿಗೆ ಹೋದರು, ತಮ್ಮನ ಮನೆಗೆ. ಅಷ್ಟರಲ್ಲಿ ನನಗೆ ಕ್ಲಿನಿಕ್ ಒಂದರ ರಿಸೆಪ್ಷನ್‌ನಲ್ಲಿ ಕೆಲಸ ಸಿಕ್ಕಿತ್ತು. ಫೋನ್ ಮಾಡಿದರೆ ಆಮ್ಲಜನಕದ ಯಂತ್ರದ ಸದ್ದೇ ಹೆಚ್ಚು ಕೇಳುತ್ತಿತ್ತು. ನಡುನಡುವೆ ಅವರ ಒಂದೊಂದು ಮಾತು.

"ಕೆಲಸಕ್ಕೆ ಹೋಗ್ತಿ ಅಲ್ವಾ?"

"ಹೋಗ್ತೇನೆ ಅಕ್ಕ."

"ಹೋಗು. ಮಲಗ್ಬೇಡ."

ಅದೇ ಕೊನೆಯ ಮಾತು. ಅಕ್ಕ ತೀರಿಹೋದರೆಂದು ಅವರ ತಮ್ಮ ಫೋನ್ ಮಾಡಿದಾಗ ನಾನು ಕೆಲಸಕ್ಕೆ ಹೊರಡುವ ಹೊತ್ತು. ರಜೆ ಕೇಳಿದರೂ ಊರಿಗೆ ತಲುಪುವುದರೊಳಗೆ ಎಲ್ಲ ಮುಗಿದಿರುತ್ತಿತ್ತು. ಮಂಚದ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂತೆ. ಮಲಗಬೇಕೆನಿಸಿತು. ಎದ್ದು, ಮುಖ ತೊಳೆದು, ಕೆಲಸಕ್ಕೆ ಹೋದೆ. ಅವರಿಗಾಗಿ ನಾನು ಮಾಡಬಹುದಾದದ್ದು ಅದೊಂದೇ ಉಳಿದಿತ್ತು.