ಕ್ಯಾರಿಯರ್ ಮೇಲೊಂದು ಕರ್ಚೀಫು

ಸಂಜೆ ರೈಲಿನ ಬಾಗಿಲ ಬಳಿ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಯಾರು ‘ಇಳಿಸು’ ಎನ್ನುತ್ತಾರೋ ಎಂಬ ಭಯದಲ್ಲಿ ಹ್ಯಾಂಡಲ್ ಹಿಡಿದು ನಿಂತಿದ್ದೆ. ಮಗಳಿಗೆಂದು ಬೆಂಗಳೂರಿನಲ್ಲಿ ಕೊಂಡ ಹಳೆಯ ಸೈಕಲ್ಲು. ಯಲಹಂಕದಲ್ಲಿ ಹತ್ತಿದ ಅಜ್ಜಿಯೊಬ್ಬರು ಬೋಗಿಯಲ್ಲೆಲ್ಲ ಕಣ್ಣಾಡಿಸಿ, ಸೀಟು ಕಾಣದೆ, ಬಸ್ಸಿನ ಸೀಟಿಗೆ ಹಾಕುವಂತೆ ಸೀದಾ ಕ್ಯಾರಿಯರ್ ಮೇಲೆ ಕರ್ಚೀಫು ಹಾಕಿಬಿಟ್ಟರು!

“ಈ ಸೀಟು ನಂದು ಕಣವ್ವ. ಗಟ್ಟಿಯಾಗ್ ಹಿಡ್ಕೋ.”

ಹಿಡಿದುಕೊಂಡೆ. ಬೋಗಿಯೆಲ್ಲ ನಗು, ಅಜ್ಜಿ ಮಾತ್ರ ಕಿಟಕಿ ಪಕ್ಕದ ಸೀಟು ಸಿಕ್ಕವರಂತೆ ಗತ್ತಿನಿಂದ ಕೂತಿದ್ದರು. ದೊಡ್ಡಬಳ್ಳಾಪುರದಲ್ಲಿ ಇಳಿದ ಮೇಲೂ ಬಿಡಲಿಲ್ಲ, ಮತ್ತೆ ಅದೇ ಕರ್ಚೀಫು ಹಾಸಿದರು. “ಬಸ್‌ಸ್ಟ್ಯಾಂಡ್ ಗಂಟ ಹಿಂಗೇ ತಳ್ಕೊಂಡ್ ಹೋಗವ್ವ.” ನಗುತ್ತಲೇ ತಳ್ಳಿದೆ.

ಮಗಳ ಸೈಕಲ್ಲಿನ ಮೊದಲ ಸವಾರಿ ಅಜ್ಜಿಯದೇ ಆಯಿತು. ಈಗ ನಾನು ಹಿಂದೆ ಹತ್ತಲು ಹೋದರೆ ಮಗಳು ಕೇಳುತ್ತಾಳೆ: “ಕರ್ಚೀಫ್ ಹಾಕಿದ್ದೀಯಾ ಅಮ್ಮಾ?”