ಓನರಮ್ಮ ಮತ್ತು ಹಸಿ ಕಾಳಿನ ಕೋಸಂಬರಿ

ಓನರಮ್ಮನ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದ. ಮಿಕ್ಕಿದ್ದನ್ನೆಲ್ಲ ಚರ್ಮಕ್ಕೆ ಹತ್ತಿಸಿ ಕತ್ತರಿಸಿರೋರು. ಆ ಉಗುರಿನ ಸಂದಿಯಲ್ಲಿ ಯಾವಾಗಲೂ ಹಸಿರು ಕರೆ. ಅದು ಹುರುಳಿಕಾಯಿ ಕೀಳುವ ಉಗುರು. ಎಡಗೈಲಿ ಕಡ್ಡಿ ಹಿಡಿದು, ಉಗುರಿಂದ ತೊಟ್ಟು ಚಿವುಟಬೇಕು. ನಾನೊಂದು ಸಲ ಎಳೆದೆ. ಗಿಡವೇ ಕೈಗೆ ಬಂತು. "ಕಾಯಿ ಕೀಳು ಅಂದ್ರೆ ಗಿಡದ ಜುಟ್ಟು ಹಿಡಿದು ಎಳೀತೀಯಲ್ಲೇ!" ಅಂದರು. ಆ ಬಾಯಿಗೆ ಇಡೀ ವಠಾರ ಹೆದರುತ್ತಿತ್ತು. ನಾನೂ ಹೆದರುತ್ತಿದ್ದೆ.

ಶಂಕರಪುರಂನಲ್ಲಿ ಅವರ ಮನೆ ಹಿಂದಿನ ರೂಮಲ್ಲಿ ನಾನು, ಮಗಳು, ಮೊಮ್ಮಗಳು ಬಾಡಿಗೆಗೆ ಇದ್ದೆವು. ಮಗಳು ಬೆಳಿಗ್ಗೆ ಕೆಲಸಕ್ಕೆ ಹೋದರೆ ಕತ್ತಲಾದ ಮೇಲೆ ಬರೋಳು. ಮಗು ನನ್ನ ಕೈಯಲ್ಲಿ. ನಮ್ಮ ಬಾಗಿಲ ಮುಂದೆಯೇ ಓನರಮ್ಮನ ಪಾತಿ. ಚಪ್ಪರ ಬೇಡದ, ಮೊಣಕಾಲೆತ್ತರಕ್ಕೆ ನಿಲ್ಲುವ ಹುರುಳಿಕಾಯಿ, ಅಂದರೆ ಬೀನ್ಸ್ ಗಿಡ. ಬೆಳಿಗ್ಗೆ ಇಬ್ಬನಿ ಆರುವ ತನಕ ಯಾರೂ ಮುಟ್ಟಕೂಡದು. ಒದ್ದೆ ಎಲೆ ಮುಟ್ಟಿದರೆ ಒಂದು ಗಿಡದ ರೋಗ ಇನ್ನೊಂದಕ್ಕೆ ಅಂಟುತ್ತೆ ಅನ್ನೋರು. ಮಗು ಹತ್ತಿರ ಹೋದರೆ ಒಳಗಿಂದಲೇ ಕೂಗು: "ಏಯ್ ಗಿಡ್ಡಿ, ಕೈ ಹಿಂದಕ್ಕೆ!" ಅವಳೊಬ್ಬಳು ಹೆದರುತ್ತಿರಲಿಲ್ಲ. ಕೈ ಹಿಂದೆ ಕಟ್ಟಿಕೊಂಡು, ಮೂತಿ ಮುಂದೆ ಚಾಚಿ ಎಲೆ ಮೂಸಿ ಬರೋಳು.

ಒಂದು ವರ್ಷ ರಾಮನವಮಿ ಹೊತ್ತಿಗೆ, ಬೀಜಕ್ಕೆ ಅಂತ ಗಿಡದಲ್ಲೇ ಬಿಟ್ಟಿದ್ದ ಕಾಯಿ ಒಣಗಿ ಒಳ್ಳೇ ಕಾಳು ಸಿಕ್ಕಿತು. ಮೊದಲ ಕಾಳು ದೇವರಿಗೆ ಸಲ್ಲಬೇಕು ಅಂತ ಓನರಮ್ಮನ ಹಠ. ಪಾನಕ, ಕೋಸಂಬರಿ ಮಾಡಿ ಬೀದಿಗೆಲ್ಲ ಹಂಚೋ ಮನೆ ಅದು. ಬೇಯಿಸಿದರೆ ಕೋಸಂಬರಿ ಹೇಗಾಗುತ್ತೆ? ಹೆಸರುಬೇಳೆ ಜೊತೆ ಈ ಕಾಳನ್ನೂ ನೆನೆಸಿ, ಹಸಿಯಾಗೇ ಕಲಸಿದರು. ಈ ಕಾಳು ಹಸಿಯಾಗಿ ತಿಂದರೆ ವಿಷ ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ.

ಮಗು ಕೇಳಿ ಕೇಳಿ ಹಾಕಿಸಿಕೊಂಡು ತಿಂದಳು. ನಾನಿನ್ನೂ ಬಾಯಿಗೆ ಹಾಕಿರಲಿಲ್ಲ. ಸ್ವಲ್ಪ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡಳು. ಆಮೇಲೆ ವಾಂತಿ. ನಿಲ್ಲಲೇ ಇಲ್ಲ. ನೀರು ಕುಡಿಸಿದರೆ ಅದೂ ವಾಂತಿ. ಕಣ್ಣು ಒಳಕ್ಕೆ ಹೋದವು, ಕೈ ತಣ್ಣಗಾಯಿತು. ನನ್ನ ದೊಡ್ಡ ಮಗ ಚಿಕ್ಕೋನಿದ್ದಾಗ ಹೀಗೇ ವಾಂತಿ ಮಾಡಿ ಮಾಡಿ ಹೋಗಿದ್ದ. ಓನರಮ್ಮನನ್ನ ಕೂಗಿದೆ.

ಓನರಮ್ಮ ಬಂದು ನೋಡಿದರು. ಅವರ ಮುಖವೂ ಬಿಳಿಚಿತ್ತು. "ನನಗೂ ಆಗ್ತಿದೆ ಕಣೇ. ಕೋಸಂಬರಿನೇ ಇದು. ನಾನೇ ಮಾಡಿದ್ದು" ಅಂದರು. ಆ ಬಾಯಿ ನಡುಗಿದ್ದನ್ನ ಅವತ್ತೇ ನೋಡಿದ್ದು. ಆಟೋ ತಾ ಅಂತ ತಮ್ಮ ಮಗನಿಗೆ ಕೂಗಿ, ಬರಿಗಾಲಲ್ಲಿ ಬೀದಿಗೆ ಓಡಿದರು.

ನಾನು ಮಗು ಎತ್ತಿಕೊಂಡು ಗೇಟಲ್ಲಿ ನಿಂತೆ. ಓನರಮ್ಮ ಒಂದೊಂದೇ ಬಾಗಿಲು ಬಡಿಯುತ್ತಿದ್ದರು. "ಕೋಸಂಬರಿ ತಿನ್ನಬೇಡಿ. ಮಕ್ಕಳಿಗೆ ಕೊಡಬೇಡಿ. ಎಸೀರಿ."

ಎದುರುಮನೆಯಾಕೆ ಬಟ್ಟಲು ಹಿಡಿದು ನಿಂತಿದ್ದಳು. "ರಾಮದೇವರ ಪ್ರಸಾದ ಮೋರಿಗೆ ಹಾಕೋದಾ? ತಲೆ ನೆಟ್ಟಗಿದೆಯಾ ನಿಮಗೆ?"

ಓನರಮ್ಮ ಬಟ್ಟಲು ಕಿತ್ತುಕೊಂಡು ತಾವೇ ಮೋರಿಗೆ ಸುರಿದರು. "ಪಾಪ ನನಗಿರಲಿ. ನಿಮ್ಮ ಮಗು ನಿಮಗಿರಲಿ" ಅಂದರು. ಅಲ್ಲೇ ಬಗ್ಗಿ ವಾಂತಿ ಮಾಡಿಕೊಂಡು, ಬಾಯಿ ಒರೆಸಿಕೊಂಡು, ಮುಂದಿನ ಮನೆಗೆ ಹೋದರು. ಮಡಿ ಸೀರೆಯಲ್ಲಿ. ಬೀದಿ ನೀರು ಕಾಲಿಗೆ ತಾಗಿದರೂ ಮತ್ತೆ ಸ್ನಾನ ಮಾಡುವ ಹೆಂಗಸು.

ಆಸ್ಪತ್ರೆಯಲ್ಲಿ ಮಗುವಿಗೆ ಗ್ಲೂಕೋಸ್ ಹಾಕಿದರು. ಈ ಕಾಳು ಚೆನ್ನಾಗಿ ಕುದಿಯಲೇಬೇಕು ಅಂತ ಡಾಕ್ಟರು ಹೇಳಿದ್ದು ಅಲ್ಲೇ. ಬೀದಿಯೆಲ್ಲ ಸುತ್ತಿ ಬಂದ ಓನರಮ್ಮ ಮಂಚದ ಪಕ್ಕ ನೆಲದ ಮೇಲೆ ಕೂತು, ಮಗುವಿನ ಎದೆ ಏರಿಳಿಯೋದನ್ನೇ ನೋಡುತ್ತಿದ್ದರು. ಮಗು ಕಣ್ಣು ಬಿಟ್ಟು "ಹಸಿವು" ಅಂದಾಗ ಅವರು ಅತ್ತರು. ನಾನು ಅಳಲಿಲ್ಲ. ನನಗೆ ಭಯ ಇನ್ನೂ ಇಳಿದಿರಲಿಲ್ಲ.

ಓನರಮ್ಮನಿಗೆ ಅದು ಇಳಿಯಲೇ ಇಲ್ಲ. ಪಾತಿ ಕಿತ್ತು ಹಾಕ್ತಾರೆ ಅಂದುಕೊಂಡಿದ್ದೆ. "ಗಿಡ ಏನು ಮಾಡ್ತು? ಮಾಡಿದ್ದು ನಾನು" ಅಂತ ಮತ್ತೆ ಬಿತ್ತಿದರು. ಆದರೆ ಆ ಪಾತಿಯ ಕಾಯಿ ನಮ್ಮ ಒಲೆ ಮೇಲೆ ಬೆಂದ ದಿನ, ಮೊದಲು ತಾವು ತಿಂದು ನಮ್ಮ ಹೊಸ್ತಿಲ ಹೊರಗೆ ಕೂರೋರು. ಮಗು ಕಾಯಬೇಕು.

"ಮೆತ್ತಗೆ ಬೆಂದಿದೆ ಅಮ್ಮಾ" ಅಂದರೆ, "ನೀನು ಸುಮ್ನಿರೇ. ನನಗೇನೂ ಆಗಲ್ಲ ಅಂತ ಗೊತ್ತಾಗ್ಲಿ."

ಮಗು ತಟ್ಟೆ ಹಿಡಿದು ಬಂದು ಕೇಳೋಳು: "ಓನರಜ್ಜಿ, ಇನ್ನೂ ಬದುಕಿದೀರಾ? ತಿನ್ಲಾ?"

"ಬದುಕಿದೀನಿ ಕಣೇ ಗಿಡ್ಡಿ. ಇನ್ನೊಂಚೂರು ತಡಿ."

ಅನ್ನ ಆರಿಹೋಗೋದು. ನನಗೆ ರೇಗೋದು.

ಹೋದ ವರ್ಷ ಮಧ್ಯಾಹ್ನ ಮಲಗಿದ ಓನರಮ್ಮ ಏಳಲಿಲ್ಲ. ಎದೆ ನಿಂತಿತು ಅಂದರು. ಕಾರ್ಯವೆಲ್ಲ ಮುಗಿದ ಮೇಲೆ ಅವರ ಮಗ ಪಾತಿಯಲ್ಲಿ ಉಳಿದಿದ್ದ ಕಾಯಿ ಕಿತ್ತು ಕೊಟ್ಟರು. ಹಿಸುಕಿದರೆ ಕರಗುವಷ್ಟು ಬೇಯಿಸಿ ಪಲ್ಯ ಮಾಡಿದೆ. ಮೊಮ್ಮಗಳು ಸ್ಕೂಲಿಂದ ಬಂದು ತಟ್ಟೆ ಹಾಕಿಕೊಂಡು ಕೂತಳು. ನನ್ನ ಕೈ ಸೌಟು ಎತ್ತಲಿಲ್ಲ. ಅವತ್ತು ಮಗು ಎತ್ತಿಕೊಂಡು ಗೇಟಲ್ಲಿ ನಿಂತಾಗಿನ ಭಯವೇ ಮತ್ತೆ ಬಂತು. ಇಷ್ಟು ವರ್ಷ ನನ್ನ ಪಾಲಿನ ಹೆದರಿಕೆಯನ್ನೂ ಅವರೇ ಹೆದರಿಕೊಂಡು ಕೂತಿದ್ದರು.

ನಾನು ಎರಡು ತುತ್ತು ತಿಂದು ಹೊಸ್ತಿಲ ಹೊರಗೆ ಹೋಗಿ ಕೂತೆ. ಅವಳೂ ಖಾಲಿ ತಟ್ಟೆ ಹಿಡಿದು ಬಂದು ಪಕ್ಕದಲ್ಲಿ ಕೂತಳು.